ಖಲೀಲ್ ಸರ್ ಮತ್ತು ಲ್ಯಾಬಿನೊಳಗಿನ ಕರ್ಪೂರ

ನಂಬಲಾಗುತ್ತಿಲ್ಲ...
ಮೊನ್ನೆ ತಾನೇ ಫೋನಿನಲ್ಲಿ ನನ್ನನ್ನು ಬೈದಿದ್ದರು. ಬಿ.ಪಿ. ಮಾತ್ರೆ ಮರೆತೆ ಅಂದದ್ದಕ್ಕೆ.

ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ, "ಆಂಟಿ, ಅಬ್ಬಾ ಹೋಗ್ಬಿಟ್ರು" ಅಂದಳು.
ಸುಳ್ಳು ಅಂದುಬಿಟ್ಟೆ ನಾನು. ಆ ಮಗುವಿಗೆ...

ಡಾ. ಖಲೀಲ್ ಸರ್ ಇನ್ನಿಲ್ಲ.
ನನ್ನ ಪಿಎಚ್.ಡಿ. ಗೈಡ್. ಆಮೇಲೆ ಅದೇ ಡಿಪಾರ್ಟ್‌ಮೆಂಟಿನಲ್ಲಿ ಸಹೋದ್ಯೋಗಿ.

ಆರ್.ಟಿ. ನಗರದ ಅವರ ಮನೆಯಿಂದ ಈಗಷ್ಟೇ ಬಂದೆ. ಆಟೋ ಸಂಜಯನಗರದ ನಮ್ಮ ಮನೆ ತಲುಪಿದರೂ ಅಳು ನಿಲ್ಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ...

ನಮ್ಮ ಹಳೇ ವಿದ್ಯಾರ್ಥಿಗಳ ಈ ಗ್ರೂಪಿನಲ್ಲಿ ಆಗಲೇ ಎಲ್ಲರೂ "ತುಂಬಾ ಸ್ಟ್ರಿಕ್ಟ್ ಸರ್" ಎಂದು ಬರೆಯುತ್ತಿದ್ದೀರಿ.
ನಿಜ. ಆದರೆ ಮೊದಲಿನಿಂದ ಹಾಗಿರಲಿಲ್ಲ.

ಎಂಬತ್ತರ ದಶಕದ ಆರಂಭ. ಸೋಲದೇವನಹಳ್ಳಿ ಕಡೆ ನಮ್ಮ ಕ್ಯಾಂಪಸ್... ಹೆಸರು ಬರೆಯುವುದಿಲ್ಲ, ಅಲ್ಲಿದ್ದವರಿಗೆ ಗೊತ್ತು.
ಲ್ಯಾಬ್ ಸೇಫ್ಟಿ ಅನ್ನುವ ಮಾತನ್ನೇ ನಾವು ಕೇಳಿರಲಿಲ್ಲ. ಆ್ಯಸಿಡ್ ಕೂಡ ಪಿಪೆಟ್‌ನಲ್ಲಿ ಬಾಯಿಂದಲೇ ಎಳೆಯುತ್ತಿದ್ದೆವು.
"ಏನಮ್ಮಾ ವಸಂತಾ, ಅದೇನ್ ಎಳನೀರಾ?" ಅನ್ನುತ್ತಿದ್ದರು ಸರ್. ಅಷ್ಟೇ. ನಗುತ್ತಿದ್ದೆವು, ಮತ್ತೆ ಎಳೆಯುತ್ತಿದ್ದೆವು.

ಲ್ಯಾಬಿಗೆ ಅವರೇ ಇನ್‌ಚಾರ್ಜ್. ಇಡೀ ಡಿಪಾರ್ಟ್‌ಮೆಂಟಿಗೆ ಅವರೊಬ್ಬರೇ ಮುಸ್ಲಿಂ ಮೇಷ್ಟ್ರು.

ಆ ವರ್ಷದ ಆಯುಧಪೂಜೆ...
ನಮ್ಮಲ್ಲೊಂದು ಪದ್ಧತಿ ಇತ್ತು. ಪೂಜೆಗೆ ಫಳಫಳ ಹೊಳೆಯಲಿ, ಬೇಗ ಒಣಗಲಿ ಎಂದು ಗಾಜಿನ ಸಾಮಾನನ್ನೆಲ್ಲ ಕೊನೆಗೆ ಅಸಿಟೋನ್‌ನಲ್ಲಿ ಜಾಲಿಸುವುದು. ಪೆಟ್ರೋಲಿನ ಹಾಗೆ ಭಗ್ಗನೆ ಹತ್ತಿಕೊಳ್ಳುವ ದ್ರವ ಅದು. ತೊಳೆದು ಉಳಿದದ್ದು ಟ್ರೇಯಲ್ಲಿ, ಬೆಂಚಿನ ಕೆಳಗೆ, ಅರ್ಧ ಹೊರಗೆ ಚಾಚಿಕೊಂಡು.
ಬೆಂಚಿನ ಮೇಲೆ ಸೇವಂತಿಗೆ, ಕುಂಕುಮ, ಕಡ್ಲೆಪುರಿ, ಬೂದುಗುಂಬಳ.
ದೀಪ ಆರದಿರಲಿ ಎಂದು ಕಿಟಕಿಗಳನ್ನೂ ಮುಚ್ಚಿದ್ದರು. ಪ್ರತಿ ವರ್ಷ ಹೀಗೇ ನಡೆದಿತ್ತು, ಏನೂ ಆಗಿರಲಿಲ್ಲ.

ವಿಭಾಗದ ಹೆಡ್ ಕರ್ಪೂರಕ್ಕೆ ಕಡ್ಡಿ ಗೀರುವಾಗ ಖಲೀಲ್ ಸರ್ ಮುಂದೆ ಬಂದರು. ಏನೋ ಹೇಳಲು ಬಾಯಿ ತೆರೆದರು. ನಾನು ನೋಡಿದೆ.
ಹೇಳಲಿಲ್ಲ. ಹಿಂದೆ ಸರಿದರು.

ಕುಂಬಳಕಾಯಿಯ ಮೇಲಿಂದ ಉರಿಯುವ ಕರ್ಪೂರ ಜಾರಿ ಟ್ರೇಯೊಳಗೆ ಬಿತ್ತು...
ಪಕ್ಕದಲ್ಲೇ ನಾನು. ಸೆರಗು ಹತ್ತಿಕೊಂಡಿತು. ಬಲಗೈ ಮೊಣಕೈವರೆಗೆ ಸುಟ್ಟಿತು. ಕೋಟು ಬಿಚ್ಚಿ ನನ್ನ ಮೇಲೆ ಹೊದಿಸಿ ಬೆಂಕಿ ಆರಿಸಿದವರು ಸರ್.

ಸರ್...
ಆಸ್ಪತ್ರೆಯಲ್ಲಿ ನಿಮ್ಮನ್ನು ಕೇಳಿದ್ದೆ. "ಏನೋ ಹೇಳೋಕ್ ಬಂದ್ರಲ್ಲ ಸರ್, ಯಾಕ್ ಹೇಳ್ಲಿಲ್ಲ?"
ನೀವು ನೆಲ ನೋಡುತ್ತಾ ಹೇಳಿದಿರಿ.
"ಕರ್ಪೂರ ಬೇಡ ಅಂದ್ರೆ... ಸಾಬ್ರಿಗೆ ನಮ್ ಪೂಜೆ ಕಂಡ್ರೆ ಆಗಲ್ಲ ಅಂತಾರೇನೋ ಅಂತ ಹೆದರ್ಕೊಂಡೆ ಕಣಮ್ಮಾ. ನನ್ ಮರ್ಯಾದೆ ನೋಡ್ಕೊಂಡ್ಬಿಟ್ಟೆ..."

ಆಮೇಲೆ ಎನ್‌ಕ್ವೈರಿ.
"ಟ್ರೇ ಅಲ್ಲಿಟ್ಟಿದ್ದು ಸ್ಟೂಡೆಂಟ್ಸು. ಆ ಹುಡ್ಗೀದೇ ನೆಗ್ಲಿಜೆನ್ಸು" ಅಂದರು ಹೆಡ್. ನನ್ನ ರಿಸರ್ಚ್ ಅಲ್ಲಿಗೇ ನಿಲ್ಲಿಸುವ ಮಾತು ಬಂತು. ನೀವು ಸುಮ್ಮನೆ ಕೂತಿದ್ದರೆ ನಿಮಗೆ ಬರಬೇಕಿದ್ದ ಪ್ರೊಮೋಷನ್ ಬಂದೇ ಬರುತ್ತಿತ್ತು.
ನೀವು ಎದ್ದು ನಿಂತಿರಿ.
"ಅವ್ಳು ಕಲಿಯೋಕ್ ಬಂದಿರೋಳು ಸಾರ್. ಇಲ್ಲಿ ಬೆಂಕಿ ಹಚ್ಬಾರ್ದು ಅಂತ ಹೇಳೋಕೇ ನನ್ನ ಇನ್‌ಚಾರ್ಜ್ ಮಾಡಿರೋದು. ನಾನ್ ಹೇಳ್ಲಿಲ್ಲ. ನನ್ ಹೆಸ್ರು ಬರ್ಕೊಳ್ಳಿ."

ಬರೆದುಕೊಂಡರು. ಬಿಡುತ್ತಾರಾ?
ಕಡ್ಡಿ ಗೀರಿದವರ ಹೆಸರು ಎಲ್ಲೂ ಬರಲಿಲ್ಲ.
ನನ್ನ ರಿಸರ್ಚ್ ಉಳಿಯಿತು. ನೀವು ಪ್ರೊಫೆಸರ್ ಆಗದೆಯೇ ರಿಟೈರ್ ಆದಿರಿ ಸರ್. ಇನ್‌ಚಾರ್ಜ್ ಕೆಲಸ ಮಾತ್ರ ನಿಮಗೇ ಬಿಟ್ಟರು, ಅದು ಬೇರೆ ಯಾರಿಗೂ ಬೇಕಿರಲಿಲ್ಲ.

ಮರುವರ್ಷ ಹಬ್ಬಕ್ಕೆ ಮುಂಚೆ ನೀವೇ ಎಲ್ಲರನ್ನೂ ಕರೆದಿರಿ.
"ಪೂಜೆ ಜೋರಾಗೇ ಮಾಡೋಣ. ಲ್ಯಾಬಲ್ಲಿ ಬರೀ ಹೂವು, ಕುಂಕುಮ. ದೀಪ, ಕರ್ಪೂರ ಎಲ್ಲಾ ಹೊರಗೆ, ಹೊಂಗೆ ಮರದ್ ಕೆಳಗೆ."
ಹಿಂದಿನಿಂದ ಯಾರೋ, "ಸಾಬ್ರಿಗೆ ಆಗಲ್ವಲ್ಲಾ ಪಾಪ" ಅಂದರು. ನೀವು ಹೆದರಿದ್ದು ಅದೇ ಮಾತಿಗೆ...
ನಿಮ್ಮ ಕಿವಿ ಕೆಂಪಗಾಯಿತು.
"ಅನ್ರಪ್ಪಾ, ಏನ್ ಬೇಕಾದ್ರೂ ಅನ್ರಿ. ಒಳಗೆ ಬೆಂಕಿ ಬೇಡ" ಅಂದಿರಿ. ಕುಂಬಳಕಾಯಿಯನ್ನು ನೀವೇ ಹೊತ್ತುಕೊಂಡು ಮರದ ಕಡೆ ನಡೆದಿರಿ.

ಸ್ನೇಹಿತರೇ, ನಿಮ್ಮ ಸ್ಟ್ರಿಕ್ಟ್ ಖಲೀಲ್ ಸರ್ ಶುರುವಾದದ್ದು ಅವತ್ತು.
ಚಪ್ಪಲಿ ಹಾಕಿಕೊಂಡು ಬಂದರೆ ವಾಪಸ್ ಕಳಿಸುತ್ತಿದ್ದರಲ್ಲ, ಒಬ್ಬರೇ ಇದ್ದರೆ ಗ್ಯಾಸ್ ಹಚ್ಚಲು ಬಿಡುತ್ತಿರಲಿಲ್ಲವಲ್ಲ... ನೀವು ಮುಖ ಊದಿಸಿಕೊಂಡು ಕ್ಯಾಂಟೀನಿನಲ್ಲಿ ಕೂತು ಅವರನ್ನು ಆಡಿಕೊಂಡಿರಿ.
ಆಮೇಲೆ ಆ ಲ್ಯಾಬಿನಲ್ಲಿ ಯಾರ ಮೈಯೂ ಸುಡಲಿಲ್ಲ.

ಇವತ್ತು ಮನೆಯಲ್ಲಿ ಅವರ ಹೆಂಡತಿ ನನ್ನ ಬಲಗೈ ಹಿಡಿದುಕೊಂಡರು. ರವಿಕೆಯ ತೋಳನ್ನು ಮೆಲ್ಲಗೆ ಮೇಲೆ ಸರಿಸಿ ಕಲೆ ಸವರಿದರು.
"ದಸರಾ ಬಂತೂಂದ್ರೆ ಇವ್ರಿಗೆ ಅನ್ನ ಇಳೀತಿರ್ಲಿಲ್ಲ ವಸಂತಾ. ಆ ಹುಡ್ಗಿ ಕೈ, ಆ ಹುಡ್ಗಿ ಕೈ ಅಂತಿದ್ರು... ನಿನಗ್ ಹೇಳ್ಬೇಡ ಅಂದಿದ್ರು."

ನನಗೆ ಗೊತ್ತಿರಲಿಲ್ಲ...
ಪ್ರತಿ ದಸರಾಕ್ಕೆ ಸಿಹಿ ಕಟ್ಟಿಕೊಂಡು ಹೋಗುತ್ತಿದ್ದೆ. ಅವರ ಕಣ್ಣಿಗೆ ಕಲೆ ಬೀಳದಿರಲಿ ಎಂದು ಉದ್ದ ತೋಳಿನ ರವಿಕೆ ಹೊಲಿಸಿಕೊಂಡಿದ್ದೆ. ಅವರು ನಗುತ್ತಾ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಸರ್, ನಿಮ್ಮ ಮೇಲೆ ನನಗೆ ಒಂದು ದಿನವೂ ಕೋಪ ಇರಲಿಲ್ಲ.
ಥೀಸಿಸ್ ಬರೆದದ್ದು ಈ ಕೈ. ನೂರಾರು ಮಕ್ಕಳಿಗೆ ಬರ್ನರ್ ಹಚ್ಚುವುದನ್ನು ಹೇಳಿಕೊಟ್ಟದ್ದು ಈ ಕೈ. ಈಗ ಇದನ್ನು ಬರೆಯುತ್ತಿರುವುದೂ ಇದೇ.
ಕೈ ಚೆನ್ನಾಗಿದೆ ಸರ್...

ಇನ್ನು ನಿಶ್ಚಿಂತೆಯಿಂದ ಮಲಗಿ.
ನಿಮ್ಮ ಜೀವ ತಣ್ಣಗಿರಲಿ.
🙏