ಚೀಲದಲ್ಲಿದ್ದ ತುಪ್ಪ

ಚಹಾದ ಲೋಟ ಹಿಡಿದಾಗಲೂ ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಮಿಕ್ಕ ಬೆರಳುಗಳು ಲೋಟವನ್ನು ಸುತ್ತಿಕೊಂಡಿದ್ದರೆ ಅದೊಂದು ಮಾತ್ರ ಯಾರಿಗೋ ದಾರಿ ತೋರಿಸುವ ಹಾಗೆ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. ಊಟ ಮಾಡುವಾಗ, ಸಹಿ ಹಾಕುವಾಗ, ಸೈಕಲ್ಲಿನ ಹ್ಯಾಂಡಲ್ ಹಿಡಿದಾಗ ಕೂಡ ಹಾಗೆಯೇ. ಒಮ್ಮೆ ಕೇಳಿದೆ. "ಸೈನ್ಯದಾಗ ಮೊದಲನೇ ದಿನಾ ಕಲಿಸಿದ್ರಿ ಅಕ್ಕಾರ. ಹೊಡಿಬೇಕು ಅಂತ ಮನಸ್ಸು ಗಟ್ಟಿ ಮಾಡೂತನಾ ಬಟ್ಟು ಟ್ರಿಗರ್ ಮ್ಯಾಲೆ ಹೋಗಬಾರ್ದು. ಈಗ ಬ್ಯಾಡಂದ್ರೂ ಮಡಚೂದಿಲ್ಲ" ಎಂದರು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವರು ಆ ಪಾಠವನ್ನು ಬೆರಳಿನಲ್ಲೇ ಹೊತ್ತು ತಂದಿದ್ದರು.

ಅವರು ಚೆನ್ನೈನ ಪುರಸೈವಾಕ್ಕಂನ ನಮ್ಮ ಬ್ಯಾಂಕಿನ ಶಾಖೆಯಲ್ಲಿ ಗನ್‌ಮ್ಯಾನ್. ಬಾಗಲಕೋಟೆಯ ಕಡೆಯವರು. ಕಡೆಯ ಪೋಸ್ಟಿಂಗ್ ಇಲ್ಲೇ ಹತ್ತಿರದ ಆವಡಿಯಲ್ಲಿ ಆಯಿತು, ನಿವೃತ್ತಿಯಾದ ಮೇಲೆ ಹೆಂಡತಿಯ ತಮ್ಮನಿದ್ದ ತಿರುವೊಟ್ಟಿಯೂರಿನಲ್ಲೇ ಮನೆ ಮಾಡಿ ಉಳಿದುಬಿಟ್ಟರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ಮೊದಲ ದಿನದಿಂದ ನನ್ನನ್ನು 'ಅಕ್ಕಾರ' ಎಂದೇ ಕರೆದರು. ನಮ್ಮದು ಮೈಸೂರಿನ ಕಡೆಯ ಮನೆ. ತಾತ ರೈಲ್ವೆ, ಅಪ್ಪ ವಿಮೆ, ನಾನು ಬ್ಯಾಂಕು. ಮೂರು ತಲೆಮಾರಿನಿಂದ ಚೆನ್ನೈನಲ್ಲಿದ್ದೇವೆ. ಮನೆಯಲ್ಲಿ ನಾನು ಕನ್ನಡದಲ್ಲಿ ಕೂಗಿದರೆ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅಂಥ ನನಗೆ ಶಾಖೆಯ ಬಾಗಿಲಲ್ಲಿ ಪ್ರತಿದಿನ ಬೆಳಿಗ್ಗೆ "ಆರಾಮ ಅದೀರೇನ್ರಿ?" ಎಂದು ಕೇಳುವ ಒಂದು ಜೀವ ಸಿಕ್ಕಿತ್ತು.

ನಮ್ಮಿಬ್ಬರ ನಡುವೆ ಬಂದೂಕಿಗೆ ಒಂದು ಗುಟ್ಟಿನ ಹೆಸರಿತ್ತು, ಅದು ನನ್ನ ಬಾಯಿಂದಲೇ ಹುಟ್ಟಿದ್ದು. ಅವರು ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಬೀದಿ ತಿರುವಿನ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಬಡಿಸುವವರು ಕುಂದಾಪುರದವರು. ಪೊಂಗಲ್ ಬಂದಾಗ ನಾನು ಎದುರಿಗೆ ಕೂತಿದ್ದ ಇವರ ಕಡೆ ಕೈ ತೋರಿಸಿ "ಇವರಿಗೆ ತುಪ್ಪ ಹಾಕಿ, ತುಪ್ಪ ಹಾಕಿ" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಪಕ್ಕದ ಟೇಬಲ್ಲಿನ ತಮಿಳರ ಕುಟುಂಬವೊಂದು ಇಡ್ಲಿ ಬಿಟ್ಟು ತಿರುಗಿ ನೋಡಿತು. ತಮಿಳಿನಲ್ಲಿ ಬಂದೂಕಿಗೆ 'ತುಪ್ಪಾಕ್ಕಿ' ಎನ್ನುತ್ತಾರೆ. ಎದುರಿಗೆ ಖಾಕಿ ಸಮವಸ್ತ್ರದ, ಇಷ್ಟುದ್ದ ಮೀಸೆಯ ಮನುಷ್ಯ ಕೂತಿದ್ದಾರೆ. ಹೆಂಗಸೊಬ್ಬಳು ಅವರತ್ತ ಬೆರಳು ಮಾಡಿ 'ತುಪ್ಪಾಕ್ಕಿ, ತುಪ್ಪಾಕ್ಕಿ' ಎಂದು ಕೂಗುತ್ತಿದ್ದಾಳೆ. ಆ ಕುಟುಂಬದ ಅಜ್ಜಿ ಮೊಮ್ಮಗುವನ್ನು ಮಡಿಲಿಗೆ ಎಳೆದುಕೊಂಡರು. ವಿಷಯ ತಿಳಿದ ಮೇಲೆ ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ನಮ್ಮಿಬ್ಬರಿಗೆ ಬಂದೂಕು ಎಂದರೆ ತುಪ್ಪ. "ತುಪ್ಪಾ ಒಳಗಿಟ್ಟು ಬಂದೆ" ಎಂದರೆ ಬಂದೂಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ ಎಂದರ್ಥ.

ಬೇರೆಯವರೆದುರು ಅವರು ಅದನ್ನು 'ಹತ್ಯಾರ' ಎನ್ನುತ್ತಿದ್ದರು. ಅವರ ಕಡೆ ಬಡಗಿಯ ಉಳಿಯೂ ಹತ್ಯಾರವೇ, ಒಕ್ಕಲಿಗನ ಕುಡುಗೋಲೂ ಹತ್ಯಾರವೇ. ಆಯುಧಪೂಜೆಯ ದಿನ ಶಾಖೆಯಲ್ಲಿ ಕಂಪ್ಯೂಟರು, ಪ್ರಿಂಟರು, ಲಾಕರಿನ ಕೀಲಿಕೈ ಎಲ್ಲಕ್ಕೂ ಗಂಧ ಕುಂಕುಮ ಬೀಳುತ್ತದೆ. ಮ್ಯಾನೇಜರ್ ಬಂದೂಕನ್ನೂ ತಂದಿಡಿ ಎಂದರು. ಇವರು ಆಗುವುದಿಲ್ಲ ಎಂದುಬಿಟ್ಟರು. ನನ್ನನ್ನು ಕರೆದು, "ಸಾಹೇಬ್ರಿಗೆ ತಮಿಳಿನಾಗ ಹೇಳ್ರಿ ಅಕ್ಕಾರ. ಕೆಲಸಾ ಮಾಡೂ ಹತ್ಯಾರಕ್ಕ ಪೂಜಾ ಮಾಡ್ತೀವಿ, ಇನ್ನಷ್ಟು ಕೆಲಸಾ ಮಾಡ್ಲಿ ಅಂತ. ಇದಕ್ಕ ನಾ ದಿನಾ ಕೆಲಸಾ ಬರೂದು ಬ್ಯಾಡ ಅಂತ ಬೇಡ್ಕೋತೀನಿ" ಎಂದರು. ನಾನು ನನಗೆ ತಿಳಿದಂತೆ ತಮಿಳಿಗೆ ತಿರುಗಿಸಿ ಹೇಳಿದೆ. ಮ್ಯಾನೇಜರ್ ಹುಬ್ಬು ಹಾರಿಸಿದರು. ಇವರು ಹೊರಗೆ ಹೋಗಿ ತಮ್ಮ ಸೈಕಲ್ಲಿಗೆ ಗಂಧ ಹಚ್ಚಿ ಹೂವು ಕಟ್ಟಿ ಕೈ ಮುಗಿದರು.

ಊಟದ ಹೊತ್ತಿಗೆ ನಮ್ಮಲ್ಲಿ ದೇಶ ಆಳುವವರು ಬಹಳ. ಯಾವುದೋ ದೇಶದ ಶಾಲೆಯಲ್ಲಿ ಯಾರೋ ಗುಂಡು ಹಾರಿಸಿದ ಸುದ್ದಿ ಬಂದ ದಿನ ನಗದು ಕೌಂಟರಿನ ಸಹೋದ್ಯೋಗಿಯೊಬ್ಬ, ಅಲ್ಲಿ ಎಲ್ಲರ ಕೈಗೂ ಬಂದೂಕಿದೆ, ಹಾಗಾಗಿ ಸರ್ಕಾರವೂ ಹೆದರುತ್ತದೆ, ನಮಗೂ ಕೊಡಬೇಕು ಎಂದು ವಾದಿಸಿದ. ಇವರು ಮೊಸರನ್ನ ಕಲಸುತ್ತ ಕೇಳಿಸಿಕೊಂಡರು. ಆಮೇಲೆ ನನಗೆ ಮಾತ್ರ ಹೇಳಿದರು: "ಹತ್ಯಾರ ಕೈಯಾಗ ಇದ್ದಾಂವಗ ಎದುರಿಗಿದ್ದಾಂವ ಮನಷ್ಯಾ ಕಾಣೂದಿಲ್ರಿ, ಗುರಿ ಕಾಣ್ತಾನ. ನನಗೂ ಹಂಗ ಕಂಡೈತಿ. ಅದಕ್ಕ ಅಂಜಿಕಿ." ಚುನಾವಣೆ ಬಂದಾಗ ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಬ್ಯಾಂಕಿನ ಕಾವಲಿಗೆ ಮಾತ್ರ ವಿನಾಯಿತಿ. ಅದರ ಬಗ್ಗೆಯೂ ಅವರದೊಂದು ತಕರಾರಿತ್ತು. "ಎಲೆಕ್ಷನ್ ಮುಗಿಯೂತನಾ ಒಳಗಿಡ್ರಿ ಅಂತಾರ, ಮುಗದ ಮ್ಯಾಲೆ ತಿರುಗಿ ಕೊಡ್ತಾರ. ಅಂದ್ರ ಓಟು ಹಾಕೂಮುಂದ ಅಂಜಿಸಬಾರ್ದು, ಆರಿಸಿ ಬಂದ ಮ್ಯಾಲೆ ಅಂಜಿಸಬೌದು, ಹೌದಲ್ರಿ?"

ಅಂಥದೇ ಒಂದು ಚುನಾವಣೆಯ ಹೊತ್ತು. ಬಂದೂಕುಗಳನ್ನು ಒಪ್ಪಿಸಬೇಕೆಂಬ ಆದೇಶ ಬಂದು ಒಂದು ವಾರವಾಗಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ರಾಷ್ಟ್ರೀಯ ಪಕ್ಷವೊಂದರ ಜಿಲ್ಲಾ ಮುಖಂಡರು ಶಾಖೆಗೆ ಬಂದರು. ಯಾವ ಪಕ್ಷ ಎಂದು ಕೇಳಬೇಡಿ. ಯಾವುದೆಂದುಕೊಂಡರೂ ಕತೆ ಬದಲಾಗುವುದಿಲ್ಲ. ಅವರದೊಂದು ಲಾಕರ್ ನಮ್ಮಲ್ಲಿತ್ತು. ಲಾಕರಿನ ಜವಾಬ್ದಾರಿ ನನ್ನದು, ಬ್ಯಾಂಕಿನ ಕೀಲಿಕೈ ಹಾಕದೆ ಯಾವ ಲಾಕರೂ ತೆರೆಯುವುದಿಲ್ಲ. ಕೀಲಿಕೈ ಹಿಡಿದು ಲಾಕರ್ ಕೋಣೆಯ ಬಾಗಿಲ ಬಳಿಗೆ ಬಂದೆ. ಮುಖಂಡರು ರಿಜಿಸ್ಟರಿಗೆ ಸಹಿ ಹಾಕಲು ಕೈಯಲ್ಲಿದ್ದ ಹಳದಿ ಬಟ್ಟೆಯ ಚೀಲವನ್ನು ಪಕ್ಕದ ಕಬ್ಬಿಣದ ಬೆಂಚಿನ ಮೇಲಿಟ್ಟರು. ಟಣ್ ಎಂದಿತು. ಅಲ್ಲೇ ನಿಂತಿದ್ದ ಗನ್‌ಮ್ಯಾನ್ ಅದರತ್ತ ತಿರುಗಿ ಸಣ್ಣಗೆ ಮೂಗೆಳೆದುಕೊಂಡರು. ಬಂದೂಕಿಗೆ ಹಾಕುವ ಎಣ್ಣೆಯ ವಾಸನೆ ಅವರಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ರಸ್ತೆಯನ್ನೇ ನೋಡುತ್ತ, ನೆಗಡಿಯ ಬಗ್ಗೆ ಹೇಳುವವರ ಹಾಗೆ ತಣ್ಣಗೆ ಹೇಳಿದರು: "ಅಕ್ಕಾರ, ಚೀಲದಾಗ ತುಪ್ಪಾ ಐತಿ."

ನನಗೆ ಅರ್ಥವಾಯಿತು. ಠಾಣೆಗೆ ಒಪ್ಪಿಸಬೇಕಾದ್ದನ್ನು ಮುಖಂಡರು ಬ್ಯಾಂಕಿನ ಲಾಕರಿನಲ್ಲಿ ಬಚ್ಚಿಡಲು ತಂದಿದ್ದರು. ಬೇಕಾದಾಗ ಬಂದು ತೆಗೆದುಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಕೀಲಿಕೈ ನನ್ನ ಕೈಯಲ್ಲಿತ್ತು, ಬೇಡ ಎನ್ನಬೇಕಾದವಳು ನಾನು. ನಾನು ಸುಮ್ಮನೆ ನಿಂತೆ. ಗನ್‌ಮ್ಯಾನೇ ಬಾಗಿಲಿಗೆ ಅಡ್ಡ ಬಂದು ತಮ್ಮ ಮುರುಕು ತಮಿಳಿನಲ್ಲಿ, "ಸಾರ್, ಅದು ಉಳ್ಳೆ ಪೋಗಕ್ಕೂಡಾದು. ಸ್ಟೇಷನ್ ಪೋಂಗೊ" ಎಂದರು. ಅದು ಒಳಗೆ ಹೋಗಕೂಡದು, ಠಾಣೆಗೆ ಹೋಗಿ ಎಂದು.

"ನಾನ್ ಯಾರ್‌ನ್ನು ತೆರಿಯುಮಾ?" ಎಂದರು ಮುಖಂಡರು. ನಾನು ಯಾರು ಗೊತ್ತೇನು?

"ತೆರಿಯುಂ ಸಾರ್. ಅದನಾಲೆದಾನ್ ಸೊಲ್ರೇನ್." ಗೊತ್ತು ಸಾರ್, ಅದಕ್ಕೇ ಹೇಳುತ್ತಿದ್ದೇನೆ.

ಅಷ್ಟೇ ನಡೆದದ್ದು. ಬಂದೂಕು ಭುಜಕ್ಕಿತ್ತು, ನಳಿಗೆ ನೆಲದ ಕಡೆಗಿತ್ತು. ಅವರು ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಮ್ಯಾನೇಜರ್ ಓಡಿ ಬಂದು ಮುಖಂಡರ ಕೈ ಹಿಡಿದು ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ ಕಾಫಿ ತರಿಸಿದರು. ಕಾಫಿ ಕುಡಿದು ಮುಖಂಡರು ಚೀಲ ಎತ್ತಿಕೊಂಡು ಹೊರಟುಹೋದರು. ಲಾಕರ್ ತೆರೆಯಲಿಲ್ಲ.

ಮರುದಿನ ದೂರು ಬಂತು. ಕಾವಲುಗಾರ ಎದೆಗೆ ಬಂದೂಕು ಹಿಡಿದು ಬೆದರಿಸಿದ ಎಂದು. ಆ ಮೂಲೆಯ ಕ್ಯಾಮೆರಾ ಕೆಟ್ಟು ಎರಡು ತಿಂಗಳಾಗಿತ್ತು. ನೋಡಿದವಳು ನಾನೊಬ್ಬಳೇ. ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು ಬಹಳ ಮೃದುವಾಗಿ ಕೇಳಿದರು: "ನೀಂಗ ಉಳ್ಳೆದಾನೇ ಇರುಂದೀಂಗೆ?" ನೀವು ಒಳಗೇ ತಾನೇ ಇದ್ದದ್ದು? ಕೆಲವು ಪ್ರಶ್ನೆಗಳು ಉತ್ತರವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತವೆ. ಮಗಳು ಹನ್ನೆರಡನೇ ತರಗತಿಯಲ್ಲಿದ್ದಳು, ನಡುವೆ ವರ್ಗಾವಣೆಯಾದರೆ ಅವಳ ಗತಿಯೇನು ಎಂದು ಯೋಚಿಸಿದೆ. ಇದು ಸುಳ್ಳಲ್ಲ, ಆದರೆ ಇದೊಂದೇ ನಿಜವೂ ಅಲ್ಲ. ನನಗೆ ಹೆದರಿಕೆಯಾಗಿತ್ತು. ಬಿಳಿ ಹಾಳೆಯ ಮೇಲೆ ಎರಡೇ ಸಾಲು ಬರೆದೆ: ನಾನು ಲಾಕರ್ ಕೋಣೆಯ ಒಳಗಿದ್ದೆ. ಹೊರಗೆ ನಡೆದದ್ದು ನನಗೆ ಕಾಣಲಿಲ್ಲ.

ಬ್ಯಾಂಕಿನವರು ಅವರನ್ನು ತೆಗೆದುಹಾಕಲಿಲ್ಲ, ಕಾವಲುಗಾರರನ್ನು ಒದಗಿಸುವ ಏಜೆನ್ಸಿಗೆ ಹಿಂದಕ್ಕೆ ಕಳಿಸಿದರು. ನಮ್ಮಲ್ಲಿ ಎಲ್ಲಕ್ಕೂ ಒಂದು ಮರ್ಯಾದೆಯ ಮಾತಿರುತ್ತದೆ. ಬಂದೂಕು ಅವರ ಸ್ವಂತದ್ದು, ಲೈಸೆನ್ಸೂ ಅವರ ಹೆಸರಿನಲ್ಲೇ ಇತ್ತು. ಅದರ ನವೀಕರಣಕ್ಕೆ ಹೋದಾಗ, ನಿಮ್ಮ ಮೇಲೊಂದು ದೂರಿದೆ, ಕೊಡಲಾಗುವುದಿಲ್ಲ ಎಂದರಂತೆ. ಬಂದೂಕನ್ನು ಒಪ್ಪಿಸಿ ಬಂದರು. ಬಂದೂಕಿಲ್ಲದ ಗನ್‌ಮ್ಯಾನಿಗೆ ಯಾವ ಬ್ಯಾಂಕು ಕೆಲಸ ಕೊಡುತ್ತದೆ? ಏಜೆನ್ಸಿಯವರು ತಿರುವೊಟ್ಟಿಯೂರಿನ ಒಂದು ಎಟಿಎಂ ಮುಂದೆ ಒಂದು ಲಾಠಿ ಕೊಟ್ಟು ಕೂರಿಸಿದರು.

ನಾನು ಅಲ್ಲಿಗೆ ಹೋಗಲು ನಾಲ್ಕು ತಿಂಗಳು ತೆಗೆದುಕೊಂಡೆ. ಪ್ಲಾಸ್ಟಿಕ್ ಕುರ್ಚಿಯಿಂದ ತಟಕ್ಕನೆ ಎದ್ದು, "ಆರಾಮ ಅದೀರೇನ್ರಿ ಅಕ್ಕಾರ? ಮಗಳ ಪರೀಕ್ಷಾ ಹೆಂಗಾತು?" ಎಂದು ಕೇಳಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ ಕ್ಷಮೆಯ ಮಾತು ಬಾಯಿಗೆ ಬರಲಿಲ್ಲ. ಲೈಸೆನ್ಸ್ ಹೋಯಿತಂತಲ್ಲ ಎಂದಷ್ಟೇ ಕೇಳಿದೆ.

"ಹೋತ್ರಿ. ಛಲೋ ಆತು ಬಿಡ್ರಿ. ದೇಶದಾಗ ಒಂದು ಹತ್ಯಾರ ಕಡಿಮಿ ಆತಲ್ಲಾ" ಎಂದರು. ಅವರು ಹಂಗಿಸಿ ಹೇಳಿರಲಿಲ್ಲ. ಇಷ್ಟು ವರ್ಷ ಆಡಿಕೊಂಡು ಬಂದ ಮಾತು ಈಗ ತಮ್ಮ ಮೇಲೇ ಬಂದಿತ್ತು, ಅದಕ್ಕೂ ತಲೆ ಬಾಗಿಸಿದ್ದರು, ಅಷ್ಟೇ. "ಕಾಯ್ದೆ ಬೇಕು ಅಂತ ಎಲ್ಲಾರೂ ಅಂತಾರ್ರಿ" ಎಂದರು. "ಬಾಗಲದಾಗ ನಿಂತು ಕೇಳಾಕ ಯಾರಿಗೂ ಪುರುಸೊತ್ತಿಲ್ಲ." ಆ ಮಾತು ನನಗೇ ಹೇಳಿದ್ದೋ ಇಡೀ ಊರಿಗೆ ಹೇಳಿದ್ದೋ, ತಿಳಿಯಲಿಲ್ಲ.

ಮುಖಂಡರು ಮುಂದಿನ ಚುನಾವಣೆಯಲ್ಲಿ ಗೆದ್ದು ದೆಹಲಿಗೆ ಹೋದರು. ಒಂದು ಸಂಜೆ ಟಿವಿಯಲ್ಲಿ ಕಾಣಿಸಿಕೊಂಡು ಅಕ್ರಮ ಶಸ್ತ್ರಾಸ್ತ್ರಗಳ ಬಗ್ಗೆ, ಸಾರ್ವಜನಿಕ ಜೀವನದ ಶುದ್ಧಿಯ ಬಗ್ಗೆ ಮಾತನಾಡಿದರು. ಚೆನ್ನಾಗಿಯೇ ಮಾತನಾಡಿದರು. ಬರೆದುಕೊಂಡರೆ ಒಂದು ಮಾತೂ ತಪ್ಪಿಲ್ಲ. ಮೊದಲಾಗಿದ್ದರೆ ನಾನು ಟಿವಿಯ ಮೇಲೇ ರೇಗುತ್ತಿದ್ದೆ. ಈಗ ಯಾವ ಬಾಯಿಂದ ರೇಗಲಿ? "ಚಾನೆಲ್ ಮಾತ್ತುಮ್ಮಾ" ಎಂದಳು ಮಗಳು. ಚಾನೆಲ್ ಬದಲಾಯಿಸಿದೆ. ದಣಿವು ಎಂದರೆ ಅದೇ ಇರಬೇಕು. ಸಿಟ್ಟು ಬರಬೇಕಾದ ಕಡೆ ರಿಮೋಟಿಗೆ ಕೈ ಹೋಗುವುದು.

ಹೋದ ವರ್ಷ ಅವರು ತೀರಿಕೊಂಡರು. ಕೆಲಸ ಮುಗಿಸಿ ಮನೆಗೆ ಬಂದು, ಎದೆ ಹಿಡಿದಂತಾಗಿದೆ ಎಂದು ಮಲಗಿದವರು ಏಳಲಿಲ್ಲವಂತೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಹದಿನೈದು ದಿನ ಕಳೆದಿತ್ತು. ತಿರುವೊಟ್ಟಿಯೂರಿನ ರೈಲು ಹಳಿಯ ಪಕ್ಕದ ಓಣಿಯಲ್ಲಿ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ನಾನು ಯಾರೆಂದು ಹೇಳಿದ ಕೂಡಲೇ ಕೈ ಹಿಡಿದುಕೊಂಡು ಚಾಪೆಯ ಮೇಲೆ ಕೂರಿಸಿದರು.

"ನಿಮ್ಮ ಸುದ್ದಿ ಭಾಳ ಹೇಳ್ತಿದ್ರಿ ನಮ್ಮ ಮನಿಯವ್ರು" ಎಂದರು. "ಅವತ್ತ ನೀವು ಒಳಗಿದ್ರಂತಲ್ರಿ. ನಮ್ಮ ತಮ್ಮ ಸಿಟ್ಟಿಗೆದ್ದು ಬ್ಯಾಂಕಿನವರೆಲ್ಲಾ ಕಳ್ಳರು ಅಂದ್ರ ಅವನ್ನ ಬೈತಿದ್ರು. ಅಕ್ಕಾರ ಒಳಗಿದ್ರು, ಅವ್ರಿಗೆ ಕಾಣ್ಲಿಲ್ಲ. ಕಂಡಿದ್ರ ಖರೇ ಹೇಳೇ ಹೇಳ್ತಿದ್ರು ಅಂತ."

ಹೊರಗೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು. ಅದು ಮುಗಿಯುವವರೆಗೆ ಮಾತಾಡುವ ಹಾಗಿರಲಿಲ್ಲ. ಆ ಗಾಡಿ ಮುಗಿಯದಿರಲಿ ಎಂದು ನಾನು ಬೇಡಿಕೊಂಡದ್ದೂ ನಿಜ. ಮುಗಿಯಿತು.

"ನಾನು ಹೊರಗೇ ಇದ್ದೆ" ಎಂದೆ. "ಅವರ ಪಕ್ಕದಲ್ಲೇ. ಎಲ್ಲಾ ನೋಡಿದೆ. ನಳಿಗೆ ನೆಲದ ಕಡೆಗೇ ಇತ್ತು."

ಅವರು ನನ್ನ ಕೈ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಲೆಕ್ಕ ತಪ್ಪಿದವರ ಹಾಗೆ ಮೆಲ್ಲಗೆ ಹೇಳಿದರು.

"ಹಂಗಾದ್ರ ನಲವತ್ತು ವರ್ಷದಾಗ ನಮ್ಮ ಮನಿಯವ್ರು ನನ್ನ ಮುಂದ ಒಂದು ಸುಳ್ಳು ಹೇಳ್ಯಾರ ನೋಡ್ರಿ. ಅದೂ ನಿಮ್ಮ ಸಲುವಾಗಿ."