ಮೂರು ದಿನ ಮುಂದೆ ಇಟ್ಟ ತಾರೀಕು

ಬೆಳಗಿನ ಜಾವ ಕೆಟ್ಟ ಕನಸು...
ಕಾವಲಿಗೆ ಹಿಟ್ಟು ಹೊಯ್ದಿದ್ದೇನೆ, ದೋಸೆ ಏಳುವುದೇ ಇಲ್ಲ. ಎದುರಿಗೆ ಗಿರಾಕಿಗಳ ಲೈನು.
ಎದ್ದು ಹೋಗಿ ಗ್ಯಾಸ್ ಆಫ್ ಉಂಟಾ ಅಂತ ಎರಡು ಸಲ ನೋಡಿ ಬಂದೆ.
ಅಷ್ಟರಲ್ಲಿ ಫೋನು.

ಬಾರಾನಗರದಿಂದ. ನಮ್ಮ ಫ್ಲೋರಿನಕ್ಕನ ಮನೆ ಓನರ್ ಹೆಂಗಸು, ನಾವು ಮಾಶಿಮಾ ಅಂತ ಕರೆಯುವವರು.
"ತೋಮಾರ್ ದಿದಿ ಆರ್ ನೇಯ್..."
ನಿನ್ನ ಅಕ್ಕ ಇನ್ನಿಲ್ಲ ಅಂತ.

ಯಾವ ಅಕ್ಕ, ಹೆಸರು ಸರಿ ಕೇಳಿದ್ರಾ, ಬೆಡ್ ನಂಬರ್ ನೋಡಿದ್ರಾ ಅಂತ ಕೇಳಿದ್ದನ್ನೇ ಕೇಳಿದೆ. ಪಾಪ ಅವರು ಅಳ್ತಾ ಇದ್ದರು.
ನಿನ್ನೆ ಸಂಜೆಯಷ್ಟೇ ಮೆಸೇಜ್ ಮಾಡಿದ್ದರು... ಹೇಗೆ ನಂಬುವುದು?

ಊರು ಬಿಟ್ಟು ಬಂದ ನಮ್ಮ ಕನ್ನಡದವರ ಈ ಗ್ರೂಪಿನಲ್ಲಿ ತುಂಬ ಜನಕ್ಕೆ ಅವರು ಗೊತ್ತು. ರಿಸರ್ಚ್ ಕೆಲಸ, ಒಬ್ಬರೇ ಇದ್ದದ್ದು. ಆದಿತ್ಯವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಮೆಟ್ರೋ ಹಿಡಿದು, ಕಾಳಿಘಾಟ್ ಹತ್ತಿರ ನಮ್ಮ ಟಿಫಿನ್ ರೂಮಿಗೆ ನೀರ್ ದೋಸೆಗೆ ಬರುವವರು.
ಉಪ್ಪು ಸರಿ ಉಂಟಾ ಅಕ್ಕಾ ಅಂತ ನಾನು ಮತ್ತೆ ಮತ್ತೆ ಕೇಳುವುದು.
"ಎಂತ ಮಾರಾಯ, ನೀನು ಕೇಳಿದ ಹಾಗೆ ಉಪ್ಪು ಜಾಸ್ತಿ ಆಗ್ತದಾ?"

ನನ್ನ ಈ ಹೆದರಿಕೆ ಬುದ್ಧಿಗೆ ಅವರೇ ಫೋನಿಗೆ ಒಂದು ಗೇಮ್ ಹಾಕಿಕೊಟ್ಟರು.
ಗುಂಡು ಹಾರಿಸುವುದಿಲ್ಲ, ಪಾಯಿಂಟ್ ಇಲ್ಲ. ಒಂದು ನದಿ, ಒಂದು ಘಾಟ್, ಮೆಟ್ಟಿಲ ಮೇಲೆ ಒಬ್ಬ ಕೂತಿರ್ತಾನೆ. ದೋಣಿ ಬರುವುದು ನಲವತ್ತು ದಿನಕ್ಕೆ. ಗೇಮಿನ ದಿನ ಅಲ್ಲ... ನಮ್ಮದೇ ನಲವತ್ತು ದಿನ. ಅಷ್ಟರವರೆಗೆ ಮೆಟ್ಟಿಲು ಗುಡಿಸಬಹುದು, ದೀಪ ಹಚ್ಚಬಹುದು, ಸುಮ್ಮನೆ ಕೂರಬಹುದು.
ಇಬ್ಬರೂ ಒಂದೇ ದಿನ ಶುರು ಮಾಡಿದೆವು.
"ದೋಣಿ ಬಂದ ಮೇಲೆ ಇಬ್ಬರೂ ಬಾರಾನಗರದ ಘಾಟಿನಿಂದ ನಿಜವಾದ ಫೆರಿ ಹತ್ತುವ. ಸುಳ್ಳು ಹೇಳಬೇಡ ಮತ್ತೆ!"

ಅಕ್ಕಾ... ಈಗ ನಿಮಗೇ ಹೇಳ್ತೇನೆ. ಎಲ್ಲರೂ ಓದಲಿ.

ಮೂವತ್ತೇಳು ದಿನ ಕಾದೆ ನಾನು. ಅದು ನಿಜ.
ಆಮೇಲೆ ಆಗಲಿಲ್ಲ. ದೋಣಿ ಬಾರದಿದ್ದರೆ? ಫೋನ್ ಹಾಳಾದರೆ? ಎಲ್ಲ ಮೊದಲಿಂದ ಮಾಡಬೇಕಾದರೆ?
ಸೆಟಿಂಗ್ಸಿಗೆ ಹೋಗಿ ತಾರೀಕು ಮೂರು ದಿನ ಮುಂದೆ ಹಾಕಿದೆ.
ದೋಣಿ ಬಂತು.
ತಾರೀಕು ಸರಿ ಮಾಡಿದರೆ ದೋಣಿ ವಾಪಸ್ ಹೋಗ್ತದೋ ಅಂತ ಹೆದರಿ, ಹಾಗೇ ಬಿಟ್ಟೆ.

ಆಮೇಲೆ ವಾಟ್ಸಾಪ್ ಓಪನ್ ಆಗಲಿಲ್ಲ, ತಾರೀಕು ತಪ್ಪಿದ್ದಕ್ಕೆ ಅಂತ ಈಗ ಗೊತ್ತು. ಏನೋ ಇಂಗ್ಲಿಷಿನಲ್ಲಿ ಬರೆದು ಬರ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು... ಅಪ್‌ಡೇಟ್ ಕೇಳ್ತದೆ ಅಂದುಕೊಂಡೆ. ಯಾರಿಗಾದರೂ ತೋರಿಸಿದ್ದರೆ ನಾನು ತಾರೀಕು ಮುಂದೆ ಹಾಕಿದ್ದು ಅವರಿಗೆ ಗೊತ್ತಾಗ್ತಿತ್ತು. ಅದಕ್ಕೇ ತೋರಿಸಲಿಲ್ಲ.

ನಿನ್ನೆ ನಿಜವಾದ ನಲವತ್ತನೇ ದಿನ. ಇನ್ನು ಭಯ ಇಲ್ಲ ಅಂತ ಸಂಜೆ ಏಳಕ್ಕೆ ತಾರೀಕು ಸರಿ ಮಾಡಿದೆ.
ನಿಮ್ಮ ಮೆಸೇಜುಗಳು ಒಟ್ಟಿಗೆ ಬಂದು ಬಿದ್ದವು.

"ಸುಧಾಕರ, ಆಸ್ಪತ್ರೆಯಲ್ಲಿದ್ದೇನೆ. ಮೂಗಿಗೆ ಮಾಸ್ಕ್ ಹಾಕಿದ್ದಾರೆ, ಫೋನಿನಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ. ನಾಲ್ಕರಿಂದ ಆರು ಒಳಗೆ ಬಿಡ್ತಾರೆ. ಗಡಿಬಿಡಿ ಮಾಡಿಕೊಂಡು ಬರಬೇಡ."
ಮರುದಿನದ್ದು: "ಇವತ್ತು ಬರ್ತೀಯಾ?"
ನಿನ್ನೆ ಬೆಳಿಗ್ಗೆಯದ್ದು ಫೋಟೋ. ನಿಮ್ಮ ದೋಣಿ. "ನಂದು ಬಂತು ಮಾರಾಯ! ನಿಂದು?"

ಆಗಲಾದರೂ ನಿಜ ಹೇಳಬಹುದಿತ್ತು.
"ನಂದೂ ಬಂತು ಅಕ್ಕಾ, ಪೂರ್ತಿ ಕಾದೆ. ನಾಳೆ ನಾಲ್ಕಕ್ಕೆ ಬರ್ತೇನೆ" ಅಂತ ಹಾಕಿದೆ.
ಕೂಡಲೇ ಉತ್ತರ.
"ನೋಡಿದಿಯಾ? ಕಾಯಲಿಕ್ಕೆ ಕಲಿತೆ ನೀನು."

ಅಕ್ಕಾ, ನಾನು ಕಲಿಯಲಿಲ್ಲ.
ನಾನು ದಾಟಿಸಿಬಿಟ್ಟ ಆ ಮೂರು ದಿನವೂ ನೀವು ನಾಲ್ಕು ಗಂಟೆಗೆ ಸರಿಯಾಗಿ ಮಾಶಿಮಾ ಹತ್ತಿರ ತಲೆ ಬಾಚಿಸಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತಿರ್ತಿದ್ದಿರಂತೆ. ಫೋನ್ ಮಾಡಲಾ ಅಂತ ಅವರು ಕೇಳಿದರೆ ತಲೆ ಅಲ್ಲಾಡಿಸಿ ಬೇಡ ಅಂದಿರಂತೆ. ಕಾಗದದ ಮೇಲೆ ಬರೆದು ತೋರಿಸಿದಿರಂತೆ, ಅವನು ಹೆದರ್ತಾನೆ, ತಾನಾಗಿ ಬರ್ತಾನೆ ಅಂತ.

ಗೇಮ್ ಇನ್ನೂ ಫೋನಿನಲ್ಲಿದೆ. ದೋಣಿ ನಿಂತೇ ಇದೆ. ಹತ್ತುವ ಬಟನ್ ಮುಟ್ಟಲಿಕ್ಕೆ ಕೈ ಬರುವುದಿಲ್ಲ... ಅದು ನನ್ನದಲ್ಲ.

ಹೋಗಿ ಬನ್ನಿ ಫ್ಲೋರಿನಕ್ಕಾ. ನಿಮ್ಮ ಆತ್ಮಕ್ಕೆ ಗಡಿಬಿಡಿ ಇಲ್ಲದ ಶಾಂತಿ ಸಿಗಲಿ. ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ.

ಗ್ರೂಪಿನವರಲ್ಲಿ ಒಂದು ವಿನಂತಿ. ಅಕ್ಕ ಆದಿತ್ಯವಾರ ಹೋಗುತ್ತಿದ್ದ ಇಗರ್ಜಿಯಲ್ಲಿ ಪ್ರಾರ್ಥನೆ ನಾಳೆ ಗುರುವಾರ, ಸಂಜೆ ನಾಲ್ಕಕ್ಕೆ ಅಂತ ಮಾಶಿಮಾ ಹೇಳಿದ್ದಾರೆ. ಅದೇ ನಾಲ್ಕು ಗಂಟೆ. ನಾನು ಎರಡಕ್ಕೇ ಹೋಗಿ ಬಾಗಿಲಲ್ಲಿ ಕೂರ್ತೇನೆ.
ಆದರೂ ಯಾರಾದರೂ ಇನ್ನೊಮ್ಮೆ ವಿಚಾರಿಸಿ ಹೇಳಿ... ನಾಳೆ ಗುರುವಾರವೇ ಅಲ್ವಾ? ನನ್ನ ಫೋನ್ ನೋಡಿ ಹೇಳಲಿಕ್ಕೆ ನನಗೆ ಧೈರ್ಯ ಇಲ್ಲ.