ಬಣ್ಣದ ಮಾವ ಮುಟ್ಟಿದ ಪ್ರೊಜೆಕ್ಟರುಗಳು

ಪೇಂಟ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣ ಹೊಂದಿಸಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಬಣ್ಣದ ಮಾವ ಎನ್ನುತ್ತಿದ್ದರು. ಬಿಳಿಯಲ್ಲೇ ನಲವತ್ತು ಬಿಳಿ ಇವೆ, ಅದರಲ್ಲಿ ಮೂವತ್ತೆಂಟನ್ನು ತಾನು ನೋಡಿದ ಕೂಡಲೇ ಹೇಳಬಲ್ಲೆ ಎಂಬುದು ಮಾವನ ಹೆಮ್ಮೆ. ಉಳಿದೆರಡು ಯಾವುವೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಆ ದಿನದ ಊಟ ತಡವಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಮಗಳು ಮನೆಗೊಂದು ಪ್ರೊಜೆಕ್ಟರ್ ತಂದುಕೊಟ್ಟಳು. ಮಾವ ಕಿಟಕಿಗೆ ಪರದೆ ಎಳೆದು, ರಿಮೋಟ್ ಹಿಡಿದು ಕೂತರು. ಬ್ರೈಟ್‌ನೆಸ್ ಒಂದು ಗೆರೆ ಮೇಲೆ, ಕಾಂಟ್ರಾಸ್ಟ್ ಎರಡು ಗೆರೆ ಕೆಳಗೆ. "ಈ ಕಂಪನಿಯವರು ಜನಕ್ಕೆಲ್ಲ ಕಾಮಾಲೆ ಹಿಡಿಸಿಬಿಟ್ಟಿದಾರೆ" ಎಂದು ಗೊಣಗುತ್ತ ನೀಲಿಯನ್ನು ಏರಿಸಿದರು. ಏರಿಸುತ್ತಲೇ ಹೋದರು.

"ಯಾಕ್ರೀ, ಎಲ್ಲರೂ ಚಳಿಗೆ ಸೆಟೆದ ಹಾಗೆ ಕಾಣ್ತಾರೆ?" ಎಂದರು ಹೆಂಡತಿ.

"ಬಣ್ಣ ನೋಡೋಕೆ ಬೇರೆ ಕಣ್ಣೇ ಬೇಕು ಕಣೇ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನೊಡನೆ ಆಕೆ ಎರಡು ವಾರ ವಾದ ಮಾಡಿ, ಆಮೇಲೆ ಸುಮ್ಮನಾದರು.

ಮಾವ ಸುಮ್ಮನಾಗಲಿಲ್ಲ. ಯಾರ ಮನೆಗೆ ಪ್ರೊಜೆಕ್ಟರ್ ಬಂದರೂ ಕರೆಯುವ ಮೊದಲೇ ಹೋದರು. ಮೂರು ವರ್ಷದಲ್ಲಿ ಹಲ್ಲಿನ ಡಾಕ್ಟರು, ಹೆಡ್‌ಮಿಸ್ಸು, ಟೈಲರು ಎಂದು ಹನ್ನೊಂದು ಮನೆಗಳಾದವು. ಎಲ್ಲರದ್ದೂ ಒಂದೇ ಮಾತು: "ಮಾವ, ನೀವು ಬಂದು ಹೋದ ಮೇಲೆ ಪಿಕ್ಚರ್ ತುಂಬಾ ಚೆನ್ನಾಗಿ ಬರ್ತಿದೆ." ಈ ಮಾತಿಗೆ ಮಾವ ಒಂದು ಸುತ್ತು ದಪ್ಪಗಾಗುತ್ತಿದ್ದರು.

ಆಮೇಲೆ ಪೇಪರಿನ ಅಕ್ಷರ ಮಬ್ಬಾಯಿತು. "ಎರಡೂ ಕಣ್ಣಲ್ಲಿ ಪೊರೆ ಮಾಗಿದೆ. ಮೂರ್ನಾಲ್ಕು ವರ್ಷದ್ದಿರಬೇಕು. ಇಷ್ಟು ದಿನ ನಿಮಗೆ ಲೋಕವೆಲ್ಲ ಹಳದಿ ಕಾಣಿಸಿರುತ್ತೆ" ಎಂದರು ಕಣ್ಣಿನ ಡಾಕ್ಟರು. ಆಪರೇಷನ್ ಎರಡೂ ಸಲ ಸಲೀಸಾಗಿ ಮುಗಿಯಿತು. ಮನೆಗೆ ಬಂದು ಮಾವ ಪ್ರೊಜೆಕ್ಟರ್ ಹಾಕಿದರು. ವಾರ್ತೆ ಓದುವವಳು ನೀಲಿ. ಅವಳ ಹಲ್ಲೂ ನೀಲಿ.

ಹನ್ನೊಂದು ಮನೆ! ಇಷ್ಟು ವರ್ಷ ಸಂಪಾದಿಸಿದ್ದು ಒಂದೇ ಒಂದು ಹೆಸರು, ಕಣ್ಣಿನ ಹೆಸರು. ಅದು ಬೀದಿಪಾಲಾಗುವ ಮೊದಲು ಗುಟ್ಟಾಗಿ ಎಲ್ಲವನ್ನೂ ಸರಿಮಾಡಬೇಕು. ಹೆಂಡತಿಗಂತೂ ಸುಳಿವು ಸಿಗಬಾರದು. "ಸುಮ್ಮನೆ ಒಂದು ಸುತ್ತು ಹೋಗಿ ಬರ್ತೀನಿ" ಎಂದು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಸವರಿಕೊಳ್ಳುತ್ತ ಹೊರಟರು.

ಹಲ್ಲಿನ ಡಾಕ್ಟರ ಮನೆಯಲ್ಲಿ ಪರದೆ ಬೆಳಗಿತು. ನೀಲಿ ಇಲ್ಲ! ಚರ್ಮ ಚರ್ಮದ ಹಾಗಿತ್ತು, ಬಿಳಿ ಅಪ್ಪಟ ಬಿಳಿಯಾಗಿತ್ತು. ಹೆಡ್‌ಮಿಸ್ಸಿನ ಮನೆಯಲ್ಲೂ ಹಾಗೆಯೇ. ಮೂರನೆಯ ಮನೆ ದಾಟುವ ಹೊತ್ತಿಗೆ ಮಾವನ ಬೆನ್ನು ನೆಟ್ಟಗಾಗಿತ್ತು. ತಪ್ಪು ತನ್ನದಲ್ಲ, ಮಗಳು ತಂದ ಅಗ್ಗದ ಪ್ರೊಜೆಕ್ಟರಿನದು! ಪೊರೆ ಕಟ್ಟಿದ ಕಣ್ಣಲ್ಲೇ ಇಷ್ಟು ಕರಾರುವಾಕ್ಕಾಗಿ ಹೊಂದಿಸಿದವನು ಇನ್ನೊಬ್ಬನಿದ್ದರೆ ತೋರಿಸಲಿ. ಇದನ್ನು ಹೆಂಡತಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು.

ಟೈಲರ ಮನೆಯಲ್ಲಿ ಆ ಹುರುಪಿಗೇ ರಿಮೋಟ್ ಕೈಜಾರಿ ಬಿತ್ತು. ಬ್ಯಾಟರಿಯ ಮುಚ್ಚಳ ಹಾರಿ ಅಂಗಾತ ಬಿತ್ತು. ಟೈಲರು ಬಗ್ಗುವಷ್ಟರಲ್ಲಿ ಮಾವನೇ ಎತ್ತಿಕೊಂಡರು. ಒಳಗೆ ಕೆಂಪು ಅಂಚಿನ ಚೀಟಿ. ತಮ್ಮ ಅಡುಗೆಮನೆಯ ಉಪ್ಪು, ಸಕ್ಕರೆ ಡಬ್ಬಗಳ ಮೇಲಿರುವಂಥದ್ದೇ ಚೀಟಿ, ಅವೇ ದುಂಡು ಅಕ್ಷರ.

"ಇವರು ಹೋದ ಮೇಲೆ ಮೆನು, ಪಿಕ್ಚರ್, ರಿಸೆಟ್ ಒತ್ತಿ. ಇವರಿಗೆ ಹೇಳಬೇಡಿ."

ಟೈಲರು ನೆಲ ನೋಡಿದರು. "ಅತ್ತೆ ಎಲ್ಲರ ಮನೆಗೂ ಕೊಟ್ಟಿದಾರೆ ಮಾವ. ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ..."

"ನಮ್ಮನೇದಕ್ಕೆ ಯಾಕೆ ಒತ್ತಿಲ್ಲವಂತೆ?"

"ನಿಮಗೆ ಗೊತ್ತಾಗಿಬಿಡುತ್ತಲ್ಲ."

ಹೊಸ ಕಣ್ಣಿಗೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಆ ಹೊತ್ತಿಗೆ ಉಪಕಾರಕ್ಕೆ ಬಂತು. ಮಾವ ಅದನ್ನು ಹಾಕಿಕೊಂಡೇ ಮನೆಗೆ ನಡೆದರು.

ಹೆಂಡತಿ ಬಟ್ಟೆ ಮಡಿಸುತ್ತ ನೀಲಿ ಜನರನ್ನು ನೋಡುತ್ತಿದ್ದರು. ಊರಿನ ಹನ್ನೊಂದು ಮನೆಯ ಕಣ್ಣು ಉಳಿಸಿದ ಹೆಂಗಸು, ತನ್ನ ಪಾಲಿಗೆ ಮೂರು ವರ್ಷ ಈ ನೀಲಿಯನ್ನೇ ಇಟ್ಟುಕೊಂಡಿದ್ದರು. ಮಾವನಿಗೆ ನಾಚಿಕೆಯಾಯಿತು. ರಿಮೋಟ್ ತೆಗೆದುಕೊಂಡರು. ಮೆನು, ಪಿಕ್ಚರ್, ರಿಸೆಟ್. ಪರದೆಯ ಮೇಲಿನ ಮುಖಗಳಿಗೆ ರಕ್ತ ಬಂತು.

"ನೀಲಿ... ಸ್ವಲ್ಪ ಜಾಸ್ತಿ ಆಗಿತ್ತು" ಎಂದರು.

ಹೆಂಡತಿ ಪರದೆ ನೋಡಿದರು, ಗಂಡನ ಮುಖ ನೋಡಿದರು, ಇನ್ನೊಂದು ಟವೆಲ್ ಎತ್ತಿಕೊಂಡರು.

"ಹೌದಾ? ಇರಬಹುದು. ಬಣ್ಣ ನೋಡೋಕೆ ಬೇರೆ ಕಣ್ಣೇ ಬೇಕಲ್ವಾ, ನಮಗೆಲ್ಲಿ ಗೊತ್ತಾಗುತ್ತೆ."